ದೊಡ್ಡಮ್ಮನ ಕೋಳಿಗೂಡಿಗೆ ಬಲ್ಬ್ ಬೇಡ

ಗುಂಪು: ಹಳೇಮನೆ ಬಳಗ
14 ಡಿಸೆಂಬರ್

ಸಣ್ಣಣ್ಣ ಮಿಷಿಗನ್, ರಾತ್ರಿ 7:52
(ಫಾರ್ವರ್ಡ್ ಆಗಿದ್ದು)
"ಚಳಿಗಾಲದಲ್ಲಿ ಕೋಳಿ ಮೊಟ್ಟೆ ನಿಲ್ಲಿಸಿತೇ? ಗೂಡಿನೊಳಗೆ ಬಲ್ಬ್ ಹಾಕಿ! ದಿನಕ್ಕೆ 16 ಗಂಟೆ ಬೆಳಕು ಕೊಟ್ಟರೆ ಯಾವ ಕೋಳಿಯಾದರೂ ವರ್ಷಕ್ಕೆ 300 ಮೊಟ್ಟೆ ಗ್ಯಾರಂಟಿ. ಟೈಮರ್, ತಾನೇ ಮುಚ್ಚಿಕೊಳ್ಳುವ ಬಾಗಿಲು, ಒಂದು ಡ್ರಮ್ ನೀರು ಇಟ್ಟು ನೀವು ನಿಶ್ಚಿಂತೆಯಿಂದ ರಜೆಗೆ ಹೋಗಿ. ಕೋಳಿ ಸಾಕುವವರಿಗೆಲ್ಲ ಕಳಿಸಿ."

ಸಣ್ಣಣ್ಣ ಮಿಷಿಗನ್, 7:53
ದೊಡ್ಡಮ್ಮನ ಕೋಳಿಗಳು ಮೊಟ್ಟೆ ಇಡ್ತಾನೇ ಇಲ್ಲ ಅಂತ ಪುಟ್ಟಿ ಹೇಳಿದ್ಲು. ನಾವು 22ಕ್ಕೆ ಬಂದಿಳೀತೀವಿ. ಅಷ್ಟರಲ್ಲಿ ಯಾರಾದ್ರೂ ಇದನ್ನ ಮಾಡಿಸಿ. ಮಕ್ಕಳು ನಾಟಿ ಮೊಟ್ಟೆ ನಾಟಿ ಮೊಟ್ಟೆ ಅಂತ ಜಪ ಮಾಡ್ತಿದ್ದಾರೆ.

ಭಾವ ಬೆಂಗಳೂರು, 7:58
ಒಳ್ಳೇದಾಯ್ತು. ಟೈಮರ್, ಬಲ್ಬ್ ಎರಡೂ ನಾನೇ ತರ್ತೀನಿ. 26ಕ್ಕೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಒಂದೇ ದಿನ. ಟೆಂಪೋ ಟ್ರಾವೆಲರ್ ಮಾತಾಡಿ ಆಗಿದೆ. "ಕೋಳಿ ಇದೆ, ನಾನು ಬರಲ್ಲ" ಅಂತ ದೊಡ್ಡಮ್ಮ ಈ ಸಲ ಅನ್ನೋ ಹಾಗಿಲ್ಲ.

ನಾನು, 8:06
ಭಾವ, ದಯವಿಟ್ಟು ಬಲ್ಬ್ ತರಬೇಡಿ. ಈ ಫಾರ್ವರ್ಡ್ ಚಳಿ ದೇಶದ ಕೋಳಿಗೆ ಬರೆದಿದ್ದು. ಸಣ್ಣಣ್ಣನ ಊರಲ್ಲಿ ಈಗ ಬೆಳಿಗ್ಗೆ 8ಕ್ಕೆ ಹುಟ್ಟಿದ ಸೂರ್ಯ ಸಂಜೆ 5ಕ್ಕೆ ಮುಳುಗ್ತಾನೆ. ಬರೀ 9 ಗಂಟೆ ಹಗಲು. ಬೇಸಿಗೇಲಿ 15 ಗಂಟೆ. ಆರು ಗಂಟೆ ಕಮ್ಮಿ ಆದ್ರೆ ಅಲ್ಲಿನ ಕೋಳಿ ನಿಲ್ಲಿಸ್ದೆ ಇನ್ನೇನು ಮಾಡುತ್ತೆ? ನಮ್ಮ ಸಕಲೇಶಪುರದ ಕಡೆ ವರ್ಷದ ಅತಿ ಚಿಕ್ಕ ಹಗಲೂ ಹನ್ನೊಂದೂಕಾಲು ಗಂಟೆ ದಾಟುತ್ತೆ. ಅತಿ ದೊಡ್ಡದು 13 ಗಂಟೆ ಮುಟ್ಟಲ್ಲ. ಒಂದೂವರೆ ಗಂಟೆ ವ್ಯತ್ಯಾಸಕ್ಕೆ ನಾಟಿ ಕೋಳಿ ಸಂಪೂರ್ಣ ನಿಲ್ಲಿಸಲ್ಲ. ದೊಡ್ಡಮ್ಮನ ಕೋಳಿ ನಿಲ್ಲಿಸಿರೋದಕ್ಕೆ ಕಾರಣವೇ ಬೇರೆ.

ಸಣ್ಣಣ್ಣ ಮಿಷಿಗನ್, 8:11
ಬೆಳಕಿನ ವಿಷ್ಯ ಸುಳ್ಳಲ್ಲ ಕಣೇ. ನಮ್ಮ ಹಿತ್ತಿಲಲ್ಲಿ ರೋಡ್ ಐಲೆಂಡ್ ರೆಡ್ ತಳಿ ಕೋಳಿ ಇದಾವೆ. ನವೆಂಬರಲ್ಲಿ ನಿಂತಿದ್ವು, ಟೈಮರ್ ಹಾಕಿದ ಮೇಲೆ ಮತ್ತೆ ಶುರು ಮಾಡಿದ್ವು. ಕಣ್ಣಾರೆ ನೋಡಿದ್ದೀನಿ.

ನಾನು, 8:17
ಸುಳ್ಳು ಅಂತ ನಾನೂ ಹೇಳ್ತಿಲ್ಲ. ಬೆಳಕು ತಲೆಬುರುಡೆ ದಾಟಿ ನೇರ ಮಿದುಳಿಗೇ ಹೋಗಿ ಅಂಡಾಶಯ ಎಬ್ಬಿಸುತ್ತೆ, ಕುರುಡು ಕೋಳಿಗೂ ಅದು ಗೊತ್ತಾಗುತ್ತೆ. ಮೊಟ್ಟೆಗಂತಲೇ ಕೋಳಿ ಸಾಕೋ ಲೇಯರ್ ಫಾರಂನವರು 16 ಗಂಟೆ ಬೆಳಕು ಕೊಡೋದೂ ಅದಕ್ಕೇ. ಆದ್ರೆ ಅದು ಮೊಟ್ಟೆ ಇಡೋ ಸ್ಥಿತೀಲಿರೋ ಕೋಳಿಗೆ. ದೊಡ್ಡಮ್ಮನ ಗೂಡಲ್ಲಿ ಈಗ ಏನಾಗ್ತಿದೆ ಅಂತ ಇಲ್ಲಿ ಯಾರಾದ್ರೂ ಕೇಳಿದ್ರಾ? ಕರಿ ಹ್ಯಾಟೆ ಕಾವಿಗೆ ಕೂತಿದೆ. ಇನ್ನೆರಡು ಪುಕ್ಕ ಉದುರಿಸ್ತಿದಾವೆ, ಕತ್ತೆಲ್ಲ ಬೋಳು. ಕೆಂಪಿ ಮರಿಗಳ ಜೊತೆ ಓಡಾಡ್ತಿದೆ. ನಾಲ್ಕಕ್ಕೆ ನಾಲ್ಕೂ ಕೆಲಸದಲ್ಲಿವೆ.

ಅಕ್ಕ ಮೈಸೂರು, 8:20
ಪುಕ್ಕ ಉದುರೋದು ಕಾಯಿಲೆ ಅಲ್ವಾ? ನಮ್ಮ ಪಕ್ಕದ ಮನೆಯವರು ಹಂಗಂದುಕೊಂಡು ಕೊಯ್ದುಬಿಟ್ರು.

ನಾನು, 8:24
ಅಯ್ಯೋ ಪಾಪ. ಅಲ್ಲ ಅಕ್ಕ. ವರ್ಷಕ್ಕೊಂದು ಸಲ ಹಳೇ ಪುಕ್ಕ ಬಿಟ್ಟು ಹೊಸದು ಹೊದ್ದುಕೊಳ್ಳುತ್ತೆ. ಪುಕ್ಕದಲ್ಲಿ ನೂರಕ್ಕೆ 85 ಪಾಲು ಪ್ರೋಟೀನೇ. ಮೈ ಹೊಲಿಯೋದಕ್ಕೂ ಮೊಟ್ಟೆ ಕಟ್ಟೋದಕ್ಕೂ ಒಟ್ಟಿಗೆ ಎಲ್ಲಿಂದ ತರುತ್ತೆ? ಎರಡು ಮೂರು ತಿಂಗಳು ಮೊಟ್ಟೆ ಬಿಟ್ಟು ಮೈ ನೋಡ್ಕೊಳ್ಳುತ್ತೆ. ಆಗ ಬರೀ ನುಚ್ಚು ಹಾಕಿದ್ರೆ ಸಾಲದು. ಶೇಂಗಾ ಹಿಂಡಿ, ಗೆದ್ದಲು, ನೀರಲ್ಲಿ ತೇಲಿ ಬೆಳೆಯೋ ಅಜೋಲಾ ಸೊಪ್ಪು, ಒಣಮೀನಿನ ಪುಡಿ, ಏನು ಸಿಗುತ್ತೋ ಅದನ್ನ ಕೊಡಬೇಕು. ಇಂಥ ಹೊತ್ತಲ್ಲಿ ಕತ್ತಲಾದ ಮೇಲೂ ಬಲ್ಬ್ ಉರಿಸಿ ಇಡು ಇಡು ಅನ್ನೋದು ಬಾಣಂತೀನ ಗದ್ದೆಗೆ ಕಳಿಸಿದ ಹಾಗೆ.

ಚಿಕ್ಕಪ್ಪ, 8:26
ಆ 300ರ ಲೆಕ್ಕ ನಿಜವೇ?

ನಾನು, 8:33
ನಾಟಿ ಕೋಳಿಗೆ ಖಂಡಿತ ಅಲ್ಲ ಚಿಕ್ಕಪ್ಪ. ನೀವೇ ಲೆಕ್ಕ ಹಾಕಿ. ಒಂದು ಸುತ್ತಿಗೆ 12ರಿಂದ 15 ಮೊಟ್ಟೆ, ಅದನ್ನ ಇಡೋಕೆ ಮೂರು ವಾರ. ಕಾವು 21 ದಿನ. ಮರಿ ಕಟ್ಟಿಕೊಂಡು ತಿರುಗೋದು ಏಳೆಂಟು ವಾರ. ಹತ್ತಿರತ್ತಿರ 100 ದಿನ ಆಯ್ತಾ? ವರ್ಷಕ್ಕೆ ಮೂರೂವರೆ ಸುತ್ತು, 50 ಮೊಟ್ಟೆ. ಮರಿ ಮಾಡೋಕೆ ಬಿಡದೆ ಕಾವು ಬಿಡಿಸಿದ್ರೆ ಇನ್ನಷ್ಟು ಸಿಗಬಹುದು, ಅಷ್ಟೇ. 300 ಅನ್ನೋದು ವೈಟ್ ಲೆಗ್‌ಹಾರ್ನ್ ಸಂತತಿಯ ಫಾರಂ ಕೋಳಿ ಲೆಕ್ಕ. ತಲೆತಲಾಂತರ ಆರಿಸಿ ಆರಿಸಿ ಅದರಿಂದ ಕಾವು ಕೂರೋ ಗುಣವನ್ನೇ ತೆಗೆದುಹಾಕಿದಾರೆ. ಅದಕ್ಕೂ ದಿನಕ್ಕೊಂದಕ್ಕಿಂತ ಹೆಚ್ಚು ಆಗಲ್ಲ. ಒಂದು ಮೊಟ್ಟೆ ಒಳಗೆ ತಯಾರಾಗೋಕೆ 25 ಗಂಟೆ ಬೇಕು, ಅದರಲ್ಲಿ 20 ಗಂಟೆ ಚಿಪ್ಪಿಗೇ ಹೋಗುತ್ತೆ. ಒಂದು ಚಿಪ್ಪಿಗೆ 2 ಗ್ರಾಂ ಕ್ಯಾಲ್ಸಿಯಂ. ಕಪ್ಪೆಚಿಪ್ಪಿನ ಪುಡಿ ಕೊಡದಿದ್ರೆ ಮೂಳೆಯಿಂದ ಕಿತ್ತು ಕೊಡುತ್ತೆ ಆ ಬಡಪಾಯಿ.

ಅಕ್ಕ ಮೈಸೂರು, 8:36
ಹಾಗಾದ್ರೆ ಗಿರಿರಾಜ ತಳಿ ತಗೊಳ್ಳಲಿ. ಇಲ್ಲಾ ಸ್ವರ್ಣಧಾರ. ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಮರಿ ಕೊಡ್ತಾರಂತೆ.

ನಾನು, 8:39
ಹಾಸನದ ನಮ್ಮ ಮನೇಲಿ ಸ್ವರ್ಣಧಾರ ಸಾಕಿದೀನಿ, ಒಳ್ಳೇ ತಳಿ. ಹಿತ್ತಿಲಿಗೆ ಅಂತಲೇ ಮಾಡಿದ್ದು, ನಾಟಿಯ ಎರಡರಷ್ಟಕ್ಕಿಂತ ಹೆಚ್ಚು ಮೊಟ್ಟೆ ಕೊಡುತ್ತೆ. ಆದ್ರೆ ಕಾವಿಗೆ ಕೂರಲ್ಲ. ಮರಿ ಬೇಕಂದ್ರೆ ಮತ್ತೆ ಅಲ್ಲಿಗೇ ಹೋಗ್ಬೇಕು. ದೊಡ್ಡಮ್ಮಂಗೆ ಬೇಕಿರೋದು ಮರಿ ಮಾಡೋ ಕೋಳಿ.

ಭಾವ ಬೆಂಗಳೂರು, 8:45
ಎಲ್ಲ ಸರಿ. ಒಂದು ಮಾತು ನೇರವಾಗಿ ಹೇಳ್ತೀನಿ. ಇದು ಮೊಟ್ಟೆ ವಿಷ್ಯ ಅಲ್ಲ. ನಾವೆಲ್ಲ ಹೊಯ್ಸಳ ದೇವಸ್ಥಾನ ನೋಡ್ಕೊಂಡು ಬರೋವಾಗ ದೊಡ್ಡಮ್ಮ ಒಬ್ಬರೇ ಮನೆ ಕಾಯ್ತಿರ್ತಾರೆ. ಹೋದ ಸಲ ಜೋಗಕ್ಕೆ ಹೋದಾಗಲೂ ಹಂಗೇ ಆಯ್ತು. ಅವರ ಮನೆಯಿಂದ ಬೇಲೂರು ಒಂದು ಗಂಟೆ ದಾರಿ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಟಿವೀಲಿ ನೋಡಿ ಎಷ್ಟು ಖುಷಿಪಟ್ರು ಗೊತ್ತಾ? ಕೋಳಿ ಪರವಾಗಿ ಇಷ್ಟು ಮಾತಾಡ್ತೀಯ, ಅವರ ಪರವಾಗಿ ಯಾರು ಮಾತಾಡ್ಬೇಕು? ಬಲ್ಬ್ ಬಿಡು. ತಾನೇ ಮುಚ್ಚೋ ಬಾಗಿಲು, ನೀರಿನ ಡ್ರಮ್ ಇಟ್ರೆ ಒಂದು ದಿನ ನಡೆಯಲ್ವಾ?

ಸಣ್ಣಣ್ಣ ಮಿಷಿಗನ್, 8:47
ಭಾವ ಹೇಳೋದು ಸರಿ.

ನಾನು, 8:58
ಭಾವ, ನಿಮ್ಮ ಕಾಳಜಿ ನನಗೂ ಇದೆ. ದೊಡ್ಡಮ್ಮ ಬರಲೇಬೇಕು. ಆದ್ರೆ ಅವರ ಜಾಗಕ್ಕೆ ಯಂತ್ರ ಕೂರಿಸೋಣ ಅಂತೀವೇ ಹೊರತು, "ದೊಡ್ಡಮ್ಮ, ನೀವು ಹೋಗಿ ಬನ್ನಿ, ಇವತ್ತು ಮನೇಲಿ ನಾನಿರ್ತೀನಿ" ಅಂತ ನಮ್ಮಲ್ಲಿ ಒಬ್ಬರಾದ್ರೂ ಅಂದ್ವಾ? ಇಷ್ಟು ವರ್ಷದಲ್ಲಿ ಒಬ್ಬರೂ ಅಂದಿಲ್ಲ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೀನಿ.

ಆ ಬಾಗಿಲ ವಿಷ್ಯ. ಕತ್ತಲಾದ್ರೆ ಕೋಳಿಗೆ ಕಣ್ಣು ಕಾಣಲ್ಲ. ಕೆಂಪಿ ಮರಿಗಳು ಇನ್ನೂ ಸಣ್ಣವು, ಒಂದಲ್ಲ ಒಂದು ಹೊರಗೇ ಉಳಿದುಬಿಡುತ್ತೆ. ಬಾಗಿಲು ತನ್ನ ಪಾಡಿಗೆ ಮುಚ್ಚಿಕೊಂಡ್ರೆ ಹೊರಗಿರೋದು ಪುನುಗಿನ ಬೆಕ್ಕಿಗೆ. ಹಗಲು ಮುಂಗುಸಿ, ಗಿಡುಗ ಬೇರೆ. ಇನ್ನು ನೀರು. ಒಂದು ಕೋಳಿ ದಿನಕ್ಕೆ ಕಾಲು ಲೀಟರ್ ಹತ್ತಿರ ಕುಡಿಯುತ್ತೆ, ಮೊಟ್ಟೆಯ ಮುಕ್ಕಾಲು ಭಾಗ ನೀರೇ. ಡ್ರಮ್ ಉರುಳಿ ಇಡೀ ದಿನ ನೀರಿಲ್ಲದಿದ್ರೆ ಮೊಟ್ಟೆ ಇಡ್ತಿರೋ ಕೋಳಿಯೂ ವಾರಗಟ್ಟಲೆ ನಿಲ್ಲಿಸಿಬಿಡುತ್ತೆ. ಬಲ್ಬ್ ಅಂತೂ ಬೇಡವೇ ಬೇಡ. ಆ ಗೂಡು ಇರೋದು ಹುಲ್ಲಿನ ಅಟ್ಟದ ಕೆಳಗೆ. ಒಂದು ಕಿಡಿ ಸಾಕು.

ಪುಟ್ಟಿ, 9:05
ಅಜ್ಜಿಗೆ ಎಲ್ಲ ಓದಿ ಹೇಳಿದೆ. ಅವರು ಹೇಳಿದ್ದನ್ನ ಹಾಗೇ ಬರೀತಿದ್ದೀನಿ:

"ನೀವು ಜಗಳ ಆಡ್ಬೇಡಿ. ನನಗೆ ಹಳೇಬೀಡು ನೋಡೋ ಆಸೆ ಇದೆ, ಇಲ್ಲ ಅನ್ನಲ್ಲ. ಮದುವೆಗೆ ಮುಂಚೆ ಒಂದು ಸಲ ನೋಡಿದ್ದು. ಆದ್ರೆ 26 ಆಗಲ್ಲ. ಕರಿ ಹ್ಯಾಟೆಗೆ ನಾನು ಮೊಟ್ಟೆ ಇಟ್ಟಿದ್ದು 5ನೇ ತಾರೀಕು. 26ಕ್ಕೆ ಸರಿಯಾಗಿ ಮರಿ ಒಡೀತಾವೆ. ಆವತ್ತು ಮನೆ ಬಿಟ್ಟು ಬಾ ಅಂದ್ರೆ ನಾನು ಬರಲ್ಲ."

ಭಾವ ಬೆಂಗಳೂರು, 9:08
ಹಾಗಾದ್ರೆ 28ಕ್ಕೆ ಹಾಕೋಣ. ಮರಿ ಆಗಿರುತ್ತೆ, ದೊಡ್ಡಮ್ಮನೂ ಫ್ರೀ.

ಪುಟ್ಟಿ, 9:12
ಅಜ್ಜಿ: "ಅದು ಇನ್ನೂ ಕಷ್ಟ. ಕೂತ ಕೋಳಿ ಒಂದೇ ಕಡೆ ಇರುತ್ತೆ. ದಿನಕ್ಕೊಂದು ಸಲ ಇಳಿದು ಮೇವು ತಿಂದು ಹಿಕ್ಕೆ ಹಾಕಿ ತಾನೇ ಹೋಗಿ ಕೂರುತ್ತೆ. ಮರಿ ಇಳಿದ ಮೇಲೇನೇ ಮೈಯೆಲ್ಲ ಕಣ್ಣಾಗಿ ನೋಡ್ಬೇಕಾಗಿರೋದು. ಹೋಗೋದಾದ್ರೆ ಮರಿ ಒಡೆಯೋಕೆ ಮುಂಚೆ ಹೋಗೋಣ. 24."

ನಾನು, 9:14
ನೋಡಿ, ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. 24 ಅಂದ್ರೆ 19ನೇ ದಿನ. 18 ಕಳೆದ ಮೇಲೆ ಮೊಟ್ಟೆ ಮುಟ್ಟಲೂಬಾರದು, ಬೆಳಕು ಬಿಟ್ಟು ನೋಡಲೂಬಾರದು. ಬಾಗಿಲು, ನೀರು, ಕೆಂಪಿ ಮರಿಗಳು, ಇಷ್ಟು ನೋಡ್ಕೊಂಡ್ರೆ ಆಯ್ತು. ನಾನು ಹಿಂದಿನ ರಾತ್ರಿಯೇ ಬಂದು ಉಳೀತೀನಿ. ನೀವೆಲ್ಲ ಹೋಗಿ ಬನ್ನಿ.

ಚಿಕ್ಕಪ್ಪ, 9:16
ನೀನು ಹೋಗಮ್ಮ. ನಾನಿರ್ತೀನಿ. ಮಂಡಿ ನೋವಲ್ಲಿ ದೇವಸ್ಥಾನದ ಜಗಲಿ ಹತ್ತಿ ಇಳಿಯೋದು ನನಗೆ ಆಗಲ್ಲ. ಸಂಜೆ ಮರಿಗಳ ಮೇಲೆ ಮಂಕರಿ ಕವಿಚೋದು ನನಗೂ ಬರುತ್ತೆ, ಆ ಮನೇಲೇ ಬೆಳೆದವನು.

ಅಕ್ಕ ಮೈಸೂರು, 9:19
24ಕ್ಕೆ ನಮಗೂ ಆಗುತ್ತೆ. ಆದ್ರೆ ಒಂದೇ ದಿನ ಶ್ರವಣಬೆಳಗೊಳ ಸೇರಿಸಬೇಡಿ. ದೊಡ್ಡಮ್ಮ 600 ಚಿಲ್ಲರೆ ಮೆಟ್ಟಿಲು ಹತ್ತೋಕಾಗಲ್ಲ.

ನಾನು, 9:24
ಹೌದು, ಅದನ್ನ ಬಿಡಿ. ಬೇಲೂರಿಂದ ಹಳೇಬೀಡು 16 ಕಿಲೋಮೀಟರ್, ಎರಡೇ ಸಾಕು. ಹಳೇಬೀಡಿಗೆ ಅರ್ಧ ದಿನ ಬೇಕು. ಜನ ನಂದಿ ಮುಂದೆ ಫೋಟೊ ತೆಗೆದು ಓಡ್ತಾರೆ. ಕೆಳಗಿನ ಆನೆ ಸಾಲಿಂದ ಶುರು ಮಾಡಿ ಸಿಂಹ, ಬಳ್ಳಿ, ಕುದುರೆ, ಮಕರ, ಹಂಸ ಅಂತ ಒಂದೊಂದೇ ಪಟ್ಟಿ ಹಿಡಿದು ಗೋಡೆ ಸುತ್ತಬೇಕು. ಒಂದು ಆನೆ ಇದ್ದ ಹಾಗೆ ಇನ್ನೊಂದಿಲ್ಲ. ಬಳಪದ ಕಲ್ಲಲ್ಲಿ ಸರದ ಎಳೆ ಹಿಂದೆ ನೆರಳು ಬೀಳೋ ಹಾಗೆ ಕೆತ್ತಿದಾರೆ. ಬೇಲೂರಲ್ಲಿ ಪೂಜೆ ಇವತ್ತಿಗೂ ನಡೀತಿದೆ, ಅಲ್ಲಿಗೆ ಮೊದಲು ಹೋಗಿ. ಸೋಮನಾಥಪುರ ಮೈಸೂರಿಗೆ ಬಂದಾಗ ಅಕ್ಕನ ಮನೆಯಿಂದ ನೋಡಿದ್ರಾಯ್ತು.

ಭಾವ ಬೆಂಗಳೂರು, 9:28
ಶ್ರವಣಬೆಳಗೊಳ ಬಿಡೋದು ನನಗೆ ಇಷ್ಟ ಇಲ್ಲ, ಆದ್ರೆ ದೊಡ್ಡಮ್ಮ ಬರ್ತಾರೆ ಅಂದ್ರೆ ಬಿಟ್ಟೆ. ಡ್ರೈವರ್‌ಗೆ 24 ಅಂತ ಹೇಳ್ತೀನಿ. ಬೆಳಿಗ್ಗೆ 6.

ಪುಟ್ಟಿ, 9:30
ಅಜ್ಜಿ: "6 ಆಗಲ್ಲ. ಗೂಡು ತೆಗೆದು ನೀರಿಟ್ಟು ಮೇವು ಹಾಕಿ 7. ಮಿಷಿಗನ್ ಮಕ್ಕಳಿಗೆ ಮೊಟ್ಟೆ ಇಲ್ಲ ಅಂತ ಬೇಜಾರು ಬೇಡ, 26ಕ್ಕೆ ಮರಿ ಚಿಪ್ಪು ಒಡೆದು ಬರೋದನ್ನ ನೋಡಲಿ."

ಸಣ್ಣಣ್ಣ ಮಿಷಿಗನ್, 9:33
ಮಕ್ಕಳಿಗೆ ಹೇಳಿದೆ, ಈಗಲೇ ಕುಣೀತಿದ್ದಾರೆ. ಆದ್ರೆ ನಮ್ಮ ಊರಿಗೆ ಬಲ್ಬ್ ಬೇಕೇ ಬೇಕು, ಅದನ್ನ ನಾನು ತೆಗೆಯಲ್ಲ. ನಾವಿಲ್ಲದಾಗ ಪಕ್ಕದ ಮನೆಯವರು ನೋಡ್ಕೋತಾರೆ, ನೀರು ಹೆಪ್ಪುಗಟ್ಟದ ಹಾಗೆ ಹೀಟರ್ ಇಟ್ಟಿದ್ದೀನಿ.

ನಾನು, 9:38
ನಿನ್ನ ಬಲ್ಬ್ ಇರಲಿ, ಅಲ್ಲಿಗೆ ಅದು ಸರಿ. ಸಂಜೆ ಬದಲು ಬೆಳಗಿನ ಜಾವ ಉರಿಯೋ ಹಾಗೆ ಇಡು, ಗಕ್ಕನೆ ಕತ್ತಲಾದ್ರೆ ಕೋಳಿಗಳು ಮಲಗೋ ಕೋಲು ಹತ್ತೋಕಾಗದೆ ನೆಲದಲ್ಲೇ ಉಳೀತಾವೆ. ಇನ್ನೂ ಮೊಟ್ಟೆಗೆ ಬರದ ಎಳೇ ಹ್ಯಾಟೆಗಳಿಗೆ ಹೆಚ್ಚು ಬೆಳಕು ಕೊಡಬೇಡ, ಹೊತ್ತಿಗೆ ಮುಂಚೆ ಶುರು ಮಾಡಿ ಮೊಟ್ಟೆ ಸಿಕ್ಕಿಕೊಂಡು ಒದ್ದಾಡ್ತಾವೆ.

ಇನ್ನೊಂದು, ಇದನ್ನ ಮರೀಬೇಡ. ಅಲ್ಲಿ ಕೋಳಿಗೂಡಿಗೆ ಹಾಕೋ ಶೂ, ಜಾಕೆಟ್ ಯಾವುದನ್ನೂ ತರಬೇಡ. ನಿಮ್ಮ ದೇಶದಲ್ಲಿ 2022ರಿಂದ ಹಕ್ಕಿಜ್ವರ ಹಿತ್ತಿಲ ಕೋಳಿಗೂ ಬರ್ತಿದೆ. ಮಕ್ಕಳ ಶೂ ಕೂಡ.

ಸಣ್ಣಣ್ಣ ಮಿಷಿಗನ್, 9:41
ಚಿಕ್ಕವನ ಬೂಟು ಸೂಟ್‌ಕೇಸಿಗೆ ಹೋಗಿತ್ತು. ತೆಗೆದು ಗ್ಯಾರೇಜಲ್ಲಿಟ್ಟೆ. ಅವನಿಗೆ ಅಲ್ಲೇ ಹಾಸನದಲ್ಲಿ ಒಂದು ಜೊತೆ ಚಪ್ಪಲಿ ತೆಗೆದಿಡು, ಸೈಜ್ ಕಳಿಸ್ತೀನಿ.