ಕಾಲಿನ ಚಡಪಡಿಕೆಗೆ ಪ್ರಾಮಿಪೆಕ್ಸೋಲ್ ಬಿಟ್ಟು ಬೇರೆ ಯಾವ ಔಷಧಿಗಳಿವೆ?

ಪ್ರಶ್ನೆ:
ನನ್ನ ತಾಯಿಯವರಿಗೆ ಹಲವು ವರ್ಷಗಳಿಂದ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಇದೆ. ಪ್ರಾಮಿಪೆಕ್ಸೋಲ್ ಮಾತ್ರೆಯಿಂದ ಆರಂಭದಲ್ಲಿ ಒಳ್ಳೆಯ ಗುಣ ಕಂಡಿತ್ತು. ಆದರೆ ಮಲಗುವ ಹೊತ್ತಿಗೆ ಮಾತ್ರ ಬರುತ್ತಿದ್ದ ಚಡಪಡಿಕೆ ಈಗ ಮಧ್ಯಾಹ್ನವೇ ಶುರುವಾಗುತ್ತಿದೆ, ಕೈಗಳಿಗೂ ಹಬ್ಬಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸಿದರೆ ಸ್ವಲ್ಪ ಕಾಲ ತಗ್ಗಿ, ಆಮೇಲೆ ಮೊದಲಿಗಿಂತ ಜೋರಾಗುತ್ತದೆ. ನಿದ್ರೆ ಬರಲೆಂದು ಅವರು ಅಲರ್ಜಿಯ ಮಾತ್ರೆಯೊಂದನ್ನೂ ತೆಗೆದುಕೊಳ್ಳುತ್ತಾರೆ. ವೈದ್ಯರೊಡನೆ ಯಾವ ಪರ್ಯಾಯಗಳ ಬಗ್ಗೆ ಮಾತನಾಡಬಹುದು?

ಉತ್ತರ 1:
ನೀವು ವಿವರಿಸಿದ ಲಕ್ಷಣಗಳನ್ನು ವೈದ್ಯರು ‘ಆಗ್ಮೆಂಟೇಶನ್’ ಎನ್ನುತ್ತಾರೆ. ಪ್ರಾಮಿಪೆಕ್ಸೋಲ್, ರೋಪಿನಿರೋಲ್, ರೋಟಿಗೋಟಿನ್ ಮುಂತಾದ, ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದಂತೆ ಕೆಲಸ ಮಾಡುವ ಔಷಧಿಗಳನ್ನು ದೀರ್ಘಕಾಲ ಬಳಸಿದಾಗ ಅವೇ ರೋಗವನ್ನು ಉಲ್ಬಣಗೊಳಿಸುವುದುಂಟು; ಆಗ ಪ್ರಮಾಣ ಹೆಚ್ಚಿಸುವುದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಈ ಕಾರಣದಿಂದಲೇ ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇವುಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸಬಾರದೆಂದು ಸಲಹೆ ನೀಡಿ, ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್‌ಗಳಿಗೆ ಆದ್ಯತೆ ಕೊಟ್ಟಿದೆ. 2014ರಲ್ಲಿ ಪ್ರಕಟವಾದ, 52 ವಾರಗಳ ಹೋಲಿಕೆಯ ಅಧ್ಯಯನದಲ್ಲಿ ಆಗ್ಮೆಂಟೇಶನ್ ಪ್ರಿಗ್ಯಾಬಲಿನ್ ಪಡೆದವರಲ್ಲಿ ಶೇ. 2.1ರಷ್ಟು ಮಂದಿಗೆ ಕಂಡರೆ, 0.5 ಮಿಲಿಗ್ರಾಂ ಪ್ರಾಮಿಪೆಕ್ಸೋಲ್ ಪಡೆದವರಲ್ಲಿ ಶೇ. 7.7ರಷ್ಟು ಮಂದಿಗೆ ಕಂಡಿತ್ತು.

ಆದರೂ ಪ್ರಾಮಿಪೆಕ್ಸೋಲನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಹೊಸ ಔಷಧಿಯನ್ನು ಆರಂಭಿಸಿ, ಹಳೆಯದನ್ನು ವೈದ್ಯರ ನಿಗಾದಲ್ಲಿ ಹಂತಹಂತವಾಗಿ ಇಳಿಸುವುದು ರೂಢಿ. ಇಳಿಸುವ ದಿನಗಳಲ್ಲಿ ನಿದ್ರೆ ತೀರಾ ಕೆಡಬಹುದು. ಅದನ್ನು ಹೊಸ ಔಷಧಿಯ ಸೋಲೆಂದು ತಿಳಿದು ಹಿಂದಕ್ಕೆ ಸರಿಯುವವರೇ ಹೆಚ್ಚೆಂದು ನನಗೆ ಅನ್ನಿಸುತ್ತದೆ.

ಉತ್ತರ 2:
ಔಷಧಿ ಬದಲಿಸುವ ಮೊದಲು ಎರಡು ಸಂಗತಿಗಳನ್ನು ಇತ್ಯರ್ಥಪಡಿಸಿಕೊಳ್ಳಿ. ಮೊದಲನೆಯದು ಆ ಅಲರ್ಜಿಯ ಮಾತ್ರೆ. ಡೈಫೆನ್‌ಹೈಡ್ರಮಿನ್‌ನಂತಹ ನಿದ್ರೆ ತರಿಸುವ ಆಂಟಿಹಿಸ್ಟಮಿನ್‌ಗಳು ಈ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್ ಹಾಗೂ ಖಿನ್ನತೆಗೆ ಕೊಡುವ ಹಲವು ಮಾತ್ರೆಗಳೂ ಹೀಗೆಯೇ.

ಎರಡನೆಯದು ಕಬ್ಬಿಣಾಂಶ. ಹಿಮೋಗ್ಲೋಬಿನ್ ಸರಿಯಿದ್ದರೂ ಮಿದುಳಿಗೆ ಸಾಕಷ್ಟು ಕಬ್ಬಿಣ ಸಿಗದಿರಬಹುದು. ಆದ್ದರಿಂದ ಫೆರಿಟಿನ್ (ದೇಹದಲ್ಲಿ ಸಂಗ್ರಹವಾದ ಕಬ್ಬಿಣದ ಸೂಚಕ) ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಸಾಗುವ ಕಬ್ಬಿಣದ ಸೂಚಕ) ಪರೀಕ್ಷೆಗಳನ್ನು, ಸಾಧ್ಯವಾದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಮಾಡಿಸಿ. ಪ್ರಯೋಗಾಲಯದ ವರದಿ ‘ಸಾಮಾನ್ಯ’ ಎಂದಿದ್ದರೆ ಅಷ್ಟಕ್ಕೇ ತೃಪ್ತರಾಗದೆ ಅಂಕಿಯನ್ನೇ ನೋಡಬೇಕು, ಏಕೆಂದರೆ ಈ ರೋಗದಲ್ಲಿ ಫೆರಿಟಿನ್ ಮಿಲಿಲೀಟರಿಗೆ 75 ನ್ಯಾನೊಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. 75ರಿಂದ 100ರ ನಡುವೆ ಇದ್ದರೆ ಮಾತ್ರೆಗಿಂತ ರಕ್ತನಾಳದ ಮೂಲಕ ಕೊಡುವ ಕಬ್ಬಿಣವೇ ಸೂಕ್ತವೆನ್ನುತ್ತಾರೆ. ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬಾರದು. ಅತಿಯಾದ ಕಬ್ಬಿಣವೂ ಅಪಾಯಕಾರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ತಾಯಿಯವರ ಮೂತ್ರಪಿಂಡಗಳ ಕಾರ್ಯ ಸ್ವಲ್ಪ ಕುಗ್ಗಿದೆ. ಗ್ಯಾಬಪೆಂಟಿನ್ ಕೊಡಬಹುದೇ? ಅದೂ ಹೊಂದದಿದ್ದರೆ ಮುಂದೇನು?

ಉತ್ತರ 3:
ಗ್ಯಾಬಪೆಂಟಿನ್ ಮತ್ತು ಪ್ರಿಗ್ಯಾಬಲಿನ್ ಎರಡೂ ಮೂತ್ರಪಿಂಡಗಳ ಮೂಲಕವೇ ಹೊರಹೋಗುವುದರಿಂದ ಅವರಿಗೆ ಪ್ರಮಾಣ ತಗ್ಗಿಸಬೇಕಾಗುತ್ತದೆ. ಮೂತ್ರಪಿಂಡಗಳ ಕಾರ್ಯ ತೋರಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನು ತಪ್ಪದೆ ಕೊಂಡೊಯ್ಯಿರಿ. ತಲೆಸುತ್ತು, ಹಗಲು ತೂಕಡಿಕೆ, ತೂಕ ಏರುವುದು ಇವುಗಳ ಸಾಮಾನ್ಯ ಅಡ್ಡಪರಿಣಾಮಗಳು. ರಾತ್ರಿ ಎದ್ದು ಓಡಾಡುವ ವಯಸ್ಸಾದವರು ಬೀಳುವ ಸಂಭವವಿರುವುದರಿಂದ ಕಡಿಮೆ ಪ್ರಮಾಣದಿಂದಲೇ ಆರಂಭಿಸುವುದು ಒಳಿತು.

ಇವೂ ಹೊಂದದಿದ್ದರೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಡಿಪಿರಿಡಮೋಲ್ ಎಂಬ ಔಷಧಿ ಇದೆ, ಮೊಣಕಾಲಿನ ಕೆಳಗೆ ಕಟ್ಟಿಕೊಂಡು ಪೆರೋನಿಯಲ್ ನರವನ್ನು ಪ್ರಚೋದಿಸುವ ಸಾಧನವೂ ಇದೆ. ತೀವ್ರವಾದ, ಬೇರೆ ಯಾವುದಕ್ಕೂ ಬಗ್ಗದ ಸ್ಥಿತಿಯಲ್ಲಿ ತಜ್ಞರು ಬ್ಯುಪ್ರಿನಾರ್ಫಿನ್ ಅಥವಾ ಮೆಥಡೋನ್‌ನಂತಹ ಓಪಿಯಾಯ್ಡ್‌ಗಳನ್ನು (ಅಫೀಮಿನ ವರ್ಗದ ಪ್ರಬಲ ನೋವುನಿವಾರಕಗಳನ್ನು) ಅಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಓಪಿಯಾಯ್ಡ್ ಮತ್ತು ಗ್ಯಾಬಪೆಂಟಿನ್ ಒಟ್ಟಿಗೆ ಸೇರಿದರೆ ಉಸಿರಾಟ ಕುಗ್ಗುವ ಅಪಾಯವಿದೆ. ಹಾಗಾಗಿ ತಾಯಿಯವರಿಗೆ ಗೊರಕೆ ಅಥವಾ ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಯಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಿ.