ಚೇತನನ ಮತ ಯಾವ ಊರಿನದು?

(ಕುಟುಂಬದ ವಾಟ್ಸಾಪ್ ಗುಂಪು. ಒಂದೇ ಮತದ ಅಂತರದಿಂದ ಜಗತ್ತಿನ ಇತಿಹಾಸ ಬದಲಾಯಿತೆಂದು ಹೇಳುವ ಚಿತ್ರವೊಂದನ್ನು ಚಿಕ್ಕಪ್ಪ ಹಂಚಿಕೊಂಡಿದ್ದಾರೆ.)

ಚಿಕ್ಕಪ್ಪ: ಎಲ್ಲರೂ ಇದನ್ನು ಓದಿ. ಮುಂದಿನ ಚುನಾವಣೆಗೆ ಹೊರಗಿರುವ ಮಕ್ಕಳೆಲ್ಲ ಊರಿಗೆ ಬಂದು ಮತ ಹಾಕಬೇಕು.

ಚೇತನ್: ಚಿಕ್ಕಪ್ಪ, ಅಮೆರಿಕದ ಭಾಷೆ ಜರ್ಮನ್ ಆಗುವುದು ಒಂದು ಮತದಿಂದ ತಪ್ಪಿತೆಂಬುದು ಕಟ್ಟುಕಥೆ. ಅಂಥ ಮತದಾನ ನಡೆದೇ ಇಲ್ಲ. ಅಲ್ಲದೆ 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋದ ಮೇಲೆ 224 ಸ್ಥಾನಗಳ ವಿಧಾನಸಭೆಯಲ್ಲಿ ಕೊಡಗಿಗೆ ಉಳಿದಿರುವುದು ಮಡಿಕೇರಿ, ವಿರಾಜಪೇಟೆ ಎರಡೇ. ಲೋಕಸಭೆಯಲ್ಲಂತೂ ಮೈಸೂರು ಕ್ಷೇತ್ರದ ಎಂಟು ಭಾಗಗಳಲ್ಲಿ ನಮ್ಮವು ಎರಡು. ಅಷ್ಟು ಜನರ ನಡುವೆ ನನ್ನೊಬ್ಬನ ಮತ ಯಾವ ಲೆಕ್ಕಕ್ಕೆ?

ಸರೋಜತ್ತೆ: ಚಿತ್ರದ ವಿಷಯದಲ್ಲಿ ಚೇತನ್ ಹೇಳುವುದು ಸರಿ, ಸುಳ್ಳು ಉದಾಹರಣೆಯಿಂದ ಒಳ್ಳೆಯ ಮಾತಿಗೂ ಕೆಟ್ಟ ಹೆಸರು ಬರುತ್ತದೆ. ಆದರೆ ಅಮೆರಿಕಕ್ಕೆ ಹೋಗುವ ಅಗತ್ಯವಾದರೂ ಏನಿತ್ತು? ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತ ಬಂದವು. ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವಾಗಲಿಲ್ಲವೆಂದು ಜನ ಇಂದಿಗೂ ಹೇಳುತ್ತಾರೆ. 2008ರಲ್ಲಿ ರಾಜಸ್ಥಾನದ ನಾಥದ್ವಾರದಲ್ಲಿ ಸಿ.ಪಿ. ಜೋಶಿ ಸೋತದ್ದೂ ಒಂದೇ ಮತದಿಂದ. ನೀನಿರುವ ಬೆಂಗಳೂರಿನ ಜಯನಗರದಲ್ಲಿ 2023ರಲ್ಲಿ ಗೆಲುವಿನ ಅಂತರ 16 ಮತ.

ಚೇತನ್: ಅತ್ತೆ, ಇವೆಲ್ಲ ಅಪರೂಪದ ಪ್ರಕರಣಗಳು. ಬಹುಪಾಲು ಕ್ಷೇತ್ರಗಳಲ್ಲಿ ಅಂತರ ಸಾವಿರಗಟ್ಟಲೆ ಇರುತ್ತದೆ.

ಸರೋಜತ್ತೆ: ಅಪರೂಪವೆಂಬುದನ್ನು ಒಪ್ಪುತ್ತೇನೆ. ಆದರೆ ಗೆಲುವನ್ನು ತೀರ್ಮಾನಿಸುವುದಷ್ಟೇ ಮತದ ಕೆಲಸವೆಂದು ನೀನು ತಿಳಿದಿರುವುದನ್ನು ಒಪ್ಪಲಾರೆ. ಶಿಕ್ಷಕಿಯಾಗಿದ್ದಾಗ ನಾನು ಚುನಾವಣಾ ಕರ್ತವ್ಯ ಮಾಡಿದವಳು. ಮತದಾನ ಶುರುವಾಗುವ ಮೊದಲು ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಆ ಲೆಕ್ಕವನ್ನು ಅಳಿಸಿ, ಯಂತ್ರಕ್ಕೆ ಮೊಹರು ಹಾಕುತ್ತೇವೆ. ಆಮೇಲೆ ತೋಟದ ಕೂಲಿಯವರು ವಾಸಿಸುವ ಲೈನ್ ಮನೆಯಿಂದ ನಡೆದು ಬಂದ ಹೆಂಗಸೊಬ್ಬಳು ಎಡಗೈ ತೋರುಬೆರಳಿಗೆ ಶಾಯಿ ಹಾಕಿಸಿಕೊಂಡು, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಒತ್ತಿ, ಗುಂಡಿ ಅದುಮಿ, ಪಕ್ಕದ ಯಂತ್ರದ ಗಾಜಿನ ಕಿಟಕಿಯಲ್ಲಿ ಏಳು ಸೆಕೆಂಡು ಕಾಣುವ ಚೀಟಿಯನ್ನು ನೋಡಿ ಹೊರಡುತ್ತಾಳೆ. ಆ ರಿಜಿಸ್ಟರಿನಲ್ಲಿ ತೋಟದ ಮಾಲೀಕನಿಗೂ ಅವಳಿಗೂ ಇರುವುದು ಒಂದೊಂದೇ ಸಾಲು. ಕೂಲಿಯಲ್ಲಾಗಲಿ ಜಮೀನಿನಲ್ಲಾಗಲಿ ಅವಳಿಗೆ ಆ ಸಮಾನತೆ ಸಿಕ್ಕಿಲ್ಲ.

ಯಾರು ಯಾರಿಗೆ ಹಾಕಿದರೆಂಬುದು ಗುಟ್ಟು, ಆದರೆ ಮತಗಟ್ಟೆವಾರು ಲೆಕ್ಕ ಗುಟ್ಟಲ್ಲ. ಎಣಿಕೆಯಾದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಬಂತೆಂಬುದು ದಾಖಲೆಯಾಗುತ್ತದೆ, ಮತ್ತು ಗೆದ್ದವರೂ ಸೋತವರೂ ಮುಂದಿನ ಐದು ವರ್ಷ ಆ ಪಟ್ಟಿಯನ್ನು ನೋಡುತ್ತಲೇ ಇರುತ್ತಾರೆ. ಅರ್ಧಕ್ಕರ್ಧ ಜನ ಮನೆಯಲ್ಲೇ ಉಳಿದ ಊರು ಮಳೆಗಾಲದಲ್ಲಿ ಕುಸಿದ ರಸ್ತೆಯ ಬಗ್ಗೆ ಮನವಿ ಕೊಟ್ಟರೆ ಅದಕ್ಕೆ ಯಾವ ತೂಕವಿರುತ್ತದೆ? ಕೊಡಗಿಗೆ ಎರಡೇ ಸ್ಥಾನವೆಂಬ ನಿನ್ನ ಮಾತು ನನಗೂ ನೋವಿನ ಸಂಗತಿ, ಆದರೆ ಇರುವ ಎರಡನ್ನೂ ಬಳಸದೆ ಬಿಡಲು ಅದು ಕಾರಣವಾಗದು.

ಚೇತನ್: ಸಂತೇಮರಹಳ್ಳಿಗಿಂತ ಮತಗಟ್ಟೆಯ ಮಾತು ನನಗೆ ಹೆಚ್ಚು ಸರಿಯೆನಿಸಿತು. ಹಾಗಾದರೆ ಊರಿಗೆ ಬರಲೇ?

ಸರೋಜತ್ತೆ: ಬೇಡ. ಕೆಲಸ, ಸಂಸಾರ ಎರಡೂ ಬೆಂಗಳೂರಿನಲ್ಲಿರುವಾಗ ನೀನು ನಿತ್ಯ ನಡೆದಾಡುವ ರಸ್ತೆಯ ಬಗ್ಗೆಯೇ ಮತ ಹಾಕಬೇಕು. ನಮೂನೆ 8 ತುಂಬಿ ಹೆಸರನ್ನು ಅಲ್ಲಿಗೆ ವರ್ಗಾಯಿಸಿಕೊ.

ಚಿಕ್ಕಪ್ಪ: ಸರೋಜ, ಮನೆಯ ಮತವನ್ನು ನೀನೇ ಹೊರಗೆ ಕಳಿಸುತ್ತೀಯಾ? ಈಗಷ್ಟೇ ಕೊಡಗಿನ ತೂಕದ ಮಾತಾಡಿದೆ.

ಸರೋಜತ್ತೆ: ಅಣ್ಣಾ, ಮತ ಮನೆತನದ್ದಲ್ಲ, ವಾಸವಿರುವ ವ್ಯಕ್ತಿಯದು, ಕಾನೂನೂ ಅದನ್ನೇ ಹೇಳುತ್ತದೆ. ಎರಡು ಕಡೆ ಹೆಸರಿಡುವಂತಿಲ್ಲ. ಊರಿನ ಲೆಕ್ಕ ಹೆಚ್ಚಬೇಕಾದರೆ ನಿಮ್ಮ ಲೈನ್ ಮನೆಗಳಲ್ಲಿ ವರ್ಷಗಳಿಂದ ನೆಲೆಸಿರುವವರ ಹೆಸರು ಮತದಾರರ ಪಟ್ಟಿಯಲ್ಲಿ ಇದೆಯೇ ಎಂದು ಮೊದಲು ನೋಡಿ. 18 ತುಂಬಿದ ಹುಡುಗ ಹುಡುಗಿಯರಿಗೆ ಹೊಸದಾಗಿ ಹೆಸರು ಸೇರಿಸುವ ನಮೂನೆ 6 ಕೊಡಿಸಿ. ಮತದಾನದ ದಿನ ಅವರಿಗೆ ಸಂಬಳಸಹಿತ ರಜೆ ಕೊಡುವುದು ನಿಮ್ಮ ಔದಾರ್ಯವಲ್ಲ, ಜನಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಅವರ ಹಕ್ಕು.

ಚಿಕ್ಕಪ್ಪ: ಚೇತನನ ವಿಷಯದಲ್ಲಿ ನನ್ನ ಒಪ್ಪಿಗೆಯಿಲ್ಲ. ಲೈನ್ ಮನೆಯವರ ಹೆಸರುಗಳನ್ನು ಬರೆದು ಭಾನುವಾರ ಕಳಿಸುತ್ತೇನೆ, ಪಟ್ಟಿಯಲ್ಲಿ ಹುಡುಕಿ ಕೊಡು.