ಸೆಲ್ಫ್ (ಸ್ಟಾರ್ಟರ್ ಮೋಟರ್) ಹೊಡೆಯುತ್ತಿಲ್ಲ, ಬರೇ "ಟಕ್" ಶಬ್ದ. ಬ್ಯಾಟರಿ ಹೊಸತು!

ಬದಿಯಡ್ಕ ಜೀಪು: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಕೀ ತಿರುಗಿಸಿದರೆ "ಟಕ್" ಅಂತ ಒಂದು ಶಬ್ದ, ಅಷ್ಟೇ. ಇಂಜಿನ್ ತಿರುಗುವುದೇ ಇಲ್ಲ. ಅಡಿಕೆ ಚೀಲ ಹೇರಿ ಇಟ್ಟಿದ್ದೇನೆ, ಮಳೆ ಬೇರೆ. ಮನೆಯವರೆಲ್ಲ ದೂಡಿ ದೂಡಿ ಸಾಕಾಯಿತು. ಎಂತ ಮಾಡುವುದು?

ಪೆರ್ಲ ಡೀಸೆಲ್: ಯಾವ ಗಾಡಿ, ಎಷ್ಟು ಹಳತು, ಎಂತದೂ ಹೇಳಲಿಲ್ಲ. ಆದರೂ ಇದು ಅರ್ಥಿಂಗ್ (ಬ್ಯಾಟರಿ ಮೈನಸ್ಸಿನಿಂದ ಬಾಡಿಗೆ, ಇಂಜಿನ್‌ಗೆ ಇರುವ ಸಂಪರ್ಕ) ಸಮಸ್ಯೆಯೇ. ನಮ್ಮ ಮಳೆಗೆ ಅರ್ಥ್ ಕೇಬಲ್ ಬುಡದಲ್ಲಿ ಹಸಿರು ಕಿಲುಬು ಹಿಡಿಯುತ್ತದೆ. ಬಿಚ್ಚಿ ಉಜ್ಜಿ.

ಬದಿಯಡ್ಕ ಜೀಪು: ಉಜ್ಜಿದೆ. ಹಾಗೇ ಉಂಟು.

ಪೆರ್ಲ ಡೀಸೆಲ್: ಇಂಜಿನ್‌ನಿಂದ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹೋಗುವ ಅರ್ಥ್ ಪಟ್ಟಿ?

ಬದಿಯಡ್ಕ ಜೀಪು: ಅದೂ ಆಯಿತು ಮಾರಾಯ್ರೇ!

ಪೆರ್ಲ ಡೀಸೆಲ್: ಇನ್ನೊಮ್ಮೆ ಬಿಗಿ ಮಾಡಿ ನೋಡಿ. ಅರ್ಥೇ ಅದು.

ಕುಂಬಳೆ ಫೋರ್‌ವೀಲ್: ಸುತ್ತಿಗೆಯಲ್ಲಿ ಸೆಲ್ಫಿಗೆ ಎರಡು ಬಡಿಯಿರಿ, ಹೊಡೆಯುತ್ತದೆ.

ಉಪ್ಪಳ ವೈಂಡರ್: ಬಡಿಯಬೇಡಿ. ಕೆಲವು ಮೋಟರಿನಲ್ಲಿ ಫೀಲ್ಡ್ ಕಾಯ್ಲ್ (ತಾಮ್ರದ ಸುರುಳಿ) ಇರುವುದಿಲ್ಲ, ಅಯಸ್ಕಾಂತ ಇರುತ್ತದೆ. ಅದು ಒಡೆದರೆ ಮುಗಿಯಿತು.

ಕುಂಬಳೆ ಫೋರ್‌ವೀಲ್: 20 ವರ್ಷದಿಂದ ಬಡಿಯುತ್ತಿದ್ದೇನೆ, ಒಂದೂ ಒಡೆದಿಲ್ಲ. ಈಗ ನನ್ನದು ಗೇರ್ ರಿಡಕ್ಷನ್ ಸೆಲ್ಫ್ (ಒಳಗೆ ಗೇರ್ ಇದ್ದು ಹೆಚ್ಚು ಬಲ ಕೊಡುವಂಥದ್ದು), ವೆಲ್ಡಿಂಗ್ ಕೇಬಲಿನಷ್ಟು ದಪ್ಪ ವಯರು. ಮಡಿಕೇರಿ ಚಳಿಗೂ ಒಂದೇ ಸಲಕ್ಕೆ ಸ್ಟಾರ್ಟ್. ಫೋಟೋ ಹಾಕುತ್ತೇನೆ.

ಉಪ್ಪಳ ವೈಂಡರ್: ಫೋಟೋ ಮತ್ತೆ ನೋಡುವ. ಬದಿಯಡ್ಕದವರೇ, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಟಕ್ ಅಂದಾಗ ಬೆಳಕು ಮಂಕಾಗುತ್ತದಾ?

ಬದಿಯಡ್ಕ ಜೀಪು: ಇಲ್ಲ. ಒಮ್ಮೊಮ್ಮೆ ಏಳೆಂಟು ಸಲ ತಿರುಗಿಸಿದ ಮೇಲೆ ಚೆನ್ನಾಗಿಯೇ ಹೊಡೆಯುತ್ತದೆ. ಹಳೆ ಡೀಸೆಲ್ ಜೀಪು, ಸೆಲ್ಫ್ ಇದುವರೆಗೆ ಬಿಚ್ಚಿಲ್ಲ.

ಉಪ್ಪಳ ವೈಂಡರ್: ಇದನ್ನು ಮೊದಲೇ ಹೇಳಬೇಕಿತ್ತು, ಅಲ್ವಾ! ಬ್ಯಾಟರಿ ಇಳಿದಿದ್ದರೆ, ಮೋಟರ್ ಜಾಮ್ ಆಗಿದ್ದರೆ ಲೈಟ್ ಮಂಕಾಗುತ್ತದೆ. ಅರ್ಥ್ ಕೆಟ್ಟರೆ ಮಂಕಾಗದೆಯೂ ಇರಬಹುದು, ಆದರೆ ಅದನ್ನು ನೀವು ಉಜ್ಜಿ ಆಗಿದೆ. ಈಗ ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಸೊಲೆನಾಯ್ಡಿನ (ಕೀ ತಿರುಗಿಸಿದಾಗ ಸೆಲ್ಫಿಗೆ ಕರೆಂಟ್ ಬಿಡುವ ಸ್ವಿಚ್ಚು) ಎರಡು ದಪ್ಪ ಬೋಲ್ಟಿಗೆ ವೋಲ್ಟ್ ಮೀಟರಿನ ಎರಡು ಕಡ್ಡಿ ಹಿಡಿದು, ಇನ್ನೊಬ್ಬರ ಹತ್ತಿರ ಕೀ ತಿರುಗಿಸಲು ಹೇಳಿ. ಟಕ್ ಅಂದ ಕೂಡಲೇ ಸೊನ್ನೆಯ ಹತ್ತಿರ ಬರಬೇಕು. 12 ವೋಲ್ಟಿನಲ್ಲೇ ನಿಂತರೆ ಒಳಗೆ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿದೆ. ಸೊನ್ನೆಗೆ ಬಂದೂ ತಿರುಗದಿದ್ದರೆ ಕಾರ್ಬನ್ ಬ್ರಷ್ (ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ತುಂಡು) ನೋಡಬೇಕು.

ಬದಿಯಡ್ಕ ಜೀಪು: 12.4ರಿಂದ ಅಲ್ಲಾಡಲೇ ಇಲ್ಲ! ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ ಸೆಲ್ಫ್ ಇಳಿಸಿದೆ. ಮೇಲಿನ ಬೋಲ್ಟಿಗೆ ಕೈಯೇ ಹೋಗುವುದಿಲ್ಲ, ಅದಕ್ಕೇ ಒಂದು ಗಂಟೆ ಹೋಯಿತು. ಸೊಲೆನಾಯ್ಡ್ ಮುಚ್ಚಳದ ಬೆಸುಗೆ ಬಿಡಿಸಿ ತೆಗೆದರೆ ತಾಮ್ರದ ಬಿಲ್ಲೆಯ ಅಂಚು ಕಪ್ಪಾಗಿ ಗುಳಿ ಬಿದ್ದಿದೆ. ಮಗುಚಿ ಹಾಕಿದರೆ ಆಗುತ್ತದಾ?

ಉಪ್ಪಳ ವೈಂಡರ್: ಸ್ವಲ್ಪ ದಿನ ನಡೆಯುತ್ತದೆ. ಬೋಲ್ಟಿನ ತಲೆಯೂ ಸುಟ್ಟಿರುತ್ತದೆ, ಸೊಲೆನಾಯ್ಡ್ ಹೊಸತೇ ಹಾಕಿ. ಹೇಗೂ ಇಳಿಸಿದ್ದೀರಿ, ಬ್ರಷ್, ಬುಷ್ (ಶಾಫ್ಟ್ ತಿರುಗುವ ಬಳೆ) ಎರಡನ್ನೂ ನೋಡಿಬಿಡಿ.

ಪೆರ್ಲ ಡೀಸೆಲ್: ಅರ್ಥ್ ಪಟ್ಟಿಯನ್ನೂ ಹೊಸತು ಹಾಕಿ.